ಕಡಬ ಅಂದರೆ ಊರು, ನನ್ನ ಗಂಡನಲ್ಲ

"ಸಾರ್, ಕಡಬ ಅನ್ನೋದು ಊರು, ಮನುಷ್ಯ ಅಲ್ಲ ಅಂತ ಒಂದು ಸರ್ಟಿಫಿಕೇಟ್ ಬರ್ಕೊಡಿ."

ಗುಬ್ಬಿ ತಾಲ್ಲೂಕು ಆಫೀಸಿನಲ್ಲಿ ನಿಂತು ನಾನು ಹೀಗೆ ಕೇಳಿದಾಗ, ಟೇಬಲ್ಲಿನ ಆಚೆ ಕೂತಿದ್ದ ಸಾಹೇಬರ ಕಾಫಿ ಲೋಟ ಬಾಯಿಯ ಹತ್ತಿರವೇ ನಿಂತುಬಿಟ್ಟಿತು.

ನನಗೂ ನಗು ತಡೆಯಲಾಗಲಿಲ್ಲ. ಆದರೆ ತಮಾಷೆಗೆ ಕೇಳಿದ್ದಲ್ಲ ಫ್ರೆಂಡ್ಸ್... ನನ್ನ ಗಂಡನ ಮೆಡಲಿಗೆ ಆ ಕಾಗದ ಬೇಕೇ ಬೇಕಿತ್ತು.

ಮೊದಲಿಂದ ಹೇಳುತ್ತೇನೆ ಕೇಳಿ.

ನಮ್ಮ ಯಜಮಾನರು ಶಿವನಂಜಪ್ಪ, ಸೈನ್ಯದಲ್ಲಿ ಹವಾಲ್ದಾರ್ ಆಗಿ ರಿಟೈರ್ ಆದವರು. ಹುಟ್ಟಿದ್ದು ಗುಬ್ಬಿ ತಾಲ್ಲೂಕಿನ ಕಡಬದಲ್ಲಿ, ಈಗ ನಾವಿರುವುದು ತುಮಕೂರಿನ ಸದಾಶಿವನಗರದಲ್ಲಿ.

ಹಿಮದ ಬೆಟ್ಟಗಳ ಮೇಲೆ ಡ್ಯೂಟಿ ಮಾಡಿದ್ದಕ್ಕೆ ಅವರಿಗೊಂದು ಮೆಡಲ್ ಸಿಕ್ಕಿತ್ತು. ಆ ಚಳಿಗೆ ಎಡಗಾಲಿನ ಕಿರುಬೆರಳು ಹೋಯಿತು. ಬೆರಳಿನ ಸುದ್ದಿ ಎತ್ತುವವರೇ ಅಲ್ಲ, ಆ ಮೆಡಲನ್ನು ಮಾತ್ರ ಹಬ್ಬಕ್ಕೆ ಬೆಳ್ಳಿ ದೀಪ ಉಜ್ಜುವ ಹಾಗೆ ಉಜ್ಜುತ್ತಿದ್ದರು.

ಕಳೆದ ವರ್ಷ ಮಾಜಿ ಸೈನಿಕರ ಸಭೆಗೆ ಯಾವುದೋ ಕಾರ್ಡ್ ಮಾಡಿಸಲು, ಸೇವೆಯ ವಿವರವೆಲ್ಲ ಇರುವ ಡಿಸ್ಚಾರ್ಜ್ ಬುಕ್ ತೆಗೆದುಕೊಂಡು ಹೋಗಿದ್ದರು. ಒಬ್ಬರು ಅದನ್ನು ತಿರುವಿಹಾಕಿ, "ಎದೆ ಮೇಲಿರೋ ಈ ಮೆಡಲ್ ಬುಕ್ಕಲ್ಲಿ ಇಲ್ವಲ್ಲಪ್ಪ, ಎಲ್ಲಿಂದ ತಂದ್ರಿ?" ಅಂದುಬಿಟ್ಟರಂತೆ. ಅದೂ ಎಲ್ಲರೆದುರು!

ಮನೆಗೆ ಬಂದವರೇ ಕೋಟಿನಿಂದ ಮೆಡಲ್‌ಗಳನ್ನೆಲ್ಲ ಬಿಚ್ಚಿ ಬೀರುವಿಗೆ ಹಾಕಿದರು. ಆಮೇಲೆ ಸಭೆಗೆ ಹೋಗಲಿಲ್ಲ. ಆಗಸ್ಟ್ ಹದಿನೈದಕ್ಕೆ ಬಾವುಟ ಹಾರಿಸುವಲ್ಲಿಗೂ ಹೋಗಲಿಲ್ಲ.

"ಕಳ್ಳನ್ನ ನೋಡ್ದಂಗೆ ನೋಡಿದ್ರು ಕಣೇ" ಅಂದಿದ್ದಷ್ಟೇ. ನನಗೆ ಮೈಯೆಲ್ಲ ಉರಿದುಹೋಯಿತು.

ಸೈನಿಕ ಕಲ್ಯಾಣದ ಆಫೀಸಿಗೆ ಹೋಗಿ, ಕೇಳಿ ತಿಳಿದುಕೊಂಡು, ಸೈನ್ಯದ ರೆಕಾರ್ಡ್ ಆಫೀಸಿಗೆ ನಾನೇ ಅರ್ಜಿ ಬರೆದೆ. ಬೇಡ ಬೇಡ ಅನ್ನುತ್ತಿದ್ದವರ ಕೈಗೆ ಪೆನ್ನು ತುರುಕಿ ಸೈನ್ ಹಾಕಿಸಿದೆ.

ಅಲ್ಲಿಂದ ಉತ್ತರ ಬಂತು ನೋಡಿ... ಆ ಮೆಡಲ್ ಪಡೆದವರಲ್ಲಿ ಶಿವನಂಜಪ್ಪ ಎಂಬ ಹೆಸರೇ ಇಲ್ಲ. "ಕಡಬ" ಎಂಬ ಒಬ್ಬ ಸೈನಿಕ ಇದ್ದಾನೆ, ಪಟ್ಟಿಯಲ್ಲಿ ಅವನ ಸೈನಿಕ ನಂಬರ್ ಮಸುಕಾಗಿದೆ. ಆ ಕಡಬ ನೀವೇ ಆಗಿದ್ದರೆ ಆಧಾರ ಕೊಡಿ!

ನಾನು ಬಿದ್ದು ಬಿದ್ದು ನಕ್ಕೆ.

ನಮ್ಮ ಕಡೆ ಹೆಸರಿನ ಮುಂದೆ ಊರು ಇರುತ್ತದೆ ಅನ್ನುವುದು ಅಲ್ಲಿಯವರಿಗೇನು ಗೊತ್ತು? ಬೆಟ್ಟದ ಮೇಲೆ ಪಟ್ಟಿ ಬರೆಯುವಾಗ ಪೂರ್ತಿ ಹೆಸರು ಕೇಳಿದ್ದಾರೆ, ಇವರು ಎದೆಯುಬ್ಬಿಸಿ "ಕಡಬ ಶಿವನಂಜಪ್ಪ" ಅಂದಿದ್ದಾರೆ. ಬರೆದುಕೊಳ್ಳುವ ಪುಣ್ಯಾತ್ಮನಿಗೆ ಶಿವನಂಜಪ್ಪ ಅನ್ನಲು ನಾಲಿಗೆ ಹೊರಳಿಲ್ಲ, ಕಡಬ ಅಂತ ಬರೆದು ಕೈತೊಳೆದುಕೊಂಡಿದ್ದಾನೆ.

"ಆಗ್ಲೇ ಸರಿ ಮಾಡ್ಸೋಕೆ ಏನ್ರೀ ಆಗಿತ್ತು ನಿಮ್ಗೆ?" ಅಂತ ರೇಗಿದೆ.

ಇವರು ಕಿಟಕಿಯ ಕಡೆ ತಿರುಗಿಕೊಂಡರು.

"ದಿನಾ ಬೆಳಗ್ಗೆ ಹಾಜರಿ ಕೂಗೋವಾಗ ಕಡಬ ಅನ್ನೋರು ಕಣೇ. ಆ ಹಿಮದಲ್ಲಿ ನಿಂತ್ಕಂಡು ನಮ್ಮೂರ ಹೆಸ್ರು ಕೇಳೋಕೆ... ಚೆನ್ನಾಗಿತ್ತು. ಸುಮ್ನಾದೆ."

ಇಂಥ ಮನುಷ್ಯನನ್ನು ಹೇಗೆ ಬೈಯುವುದು ಹೇಳಿ? ಅಳು, ನಗು ಎರಡೂ ಒಟ್ಟಿಗೆ ಬಂತು ನನಗೆ.

ಸರಿ, ಜೊತೆಯಲ್ಲಿದ್ದವರೊಬ್ಬರ ಸಾಕ್ಷಿ ಬೇಕಲ್ಲ? ಕುಣಿಗಲ್‌ನಲ್ಲಿ ನಂಜೇಗೌಡರು ಅಂತ ಇದ್ದಾರೆ, ಅದೇ ಬೆಟ್ಟದ ಮೇಲೆ ಇವರ ಜೊತೆಗಿದ್ದವರು. ಇವರನ್ನು ಎಳೆದುಕೊಂಡು ಬಸ್ ಹತ್ತಿದೆ.

ಗೇಟು ತೆಗೆಯುವ ಮೊದಲೇ ಒಳಗಿನಿಂದ ಕೂಗು. "ಲೇ ಕಡುಬು! ಇನ್ನೂ ಬದ್ಕಿದ್ಯೇನ್ಲಾ?"

ಕಡುಬು! ಮಕ್ಕಳು ಎದುರು ನಿಂತು ಮಾತಾಡಲು ಹೆದರುವ ನನ್ನ ಗಂಡ, ಕಡುಬು!

"ಎಲ್ರೂ ಕಡಬ ಅಂತಿದ್ರು ತಂಗೀ, ನಾನೊಬ್ನೇ ಕಡುಬು ಅಂತಿದ್ದೆ. ಅಲ್ಲಿ ತಿನ್ನೋಕಂತೂ ಸಿಗ್ತಿರ್ಲಿಲ್ಲ, ಕರೆಯೋಕಾದ್ರೂ ಇರ್ಲಿ ಅಂತ" ಅಂದರು ಗೌಡರು. ಅಫಿಡವಿಟ್ಟಿನಲ್ಲಿ "ಅಲಿಯಾಸ್ ಕಡುಬು" ಅಂತ ಸೇರಿಸಲೇಬೇಕು ಅಂತ ಹಠ ಬೇರೆ. ನೋಟರಿ ಎರಡೂ ಕೈ ಮುಗಿದುಬಿಟ್ಟರು.

ಇನ್ನು ಉಳಿದದ್ದು ಊರಿನ ಸರ್ಟಿಫಿಕೇಟ್. ಹಾಗೆ ಬಂದಿದ್ದು ನಾನು ಗುಬ್ಬಿಗೆ.

ಸಾಹೇಬರು ಪತ್ರವನ್ನೆಲ್ಲ ಓದಿ, ಲೋಟ ಕೆಳಗಿಟ್ಟು, ಹೊಟ್ಟೆ ಕುಲುಕಿಸಿಕೊಂಡು ನಕ್ಕರು.

"ನಾನೇ ಕಡಬದ ಅಳಿಯ ಕಣಮ್ಮ. ಅಷ್ಟ್ ದೊಡ್ಡ ಕೆರೆ ಇರೋ ಮನುಷ್ಯನ್ನ ನಾನಂತೂ ಎಲ್ಲೂ ನೋಡಿಲ್ಲ ಬುಡಿ!"

ಸೀಲು ಒತ್ತಿದ ಸದ್ದಿಗೆ ನಾನು ಅಲ್ಲೇ ಕುಣಿಯುವುದೊಂದು ಬಾಕಿ.

ಎಲ್ಲವನ್ನೂ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ, ಕಾದು ಕಾದು ಸಾಕಾಗಿ... ಇವತ್ತು ಬೆಳಗ್ಗೆ ಪೋಸ್ಟ್‌ಮ್ಯಾನ್ ಬಂದ! ಕಡಬ ಮತ್ತು ಶಿವನಂಜಪ್ಪ ಒಬ್ಬರೇ ಎಂದು ಒಪ್ಪಿದ್ದಾರೆ. ರೆಕಾರ್ಡಿನಲ್ಲಿ ಮೆಡಲ್ ಸೇರಿದೆ!

ಇವರು ಕನ್ನಡಕ ಹಾಕಿಕೊಂಡು ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. ಎದ್ದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು.

ಹೊರಗೆ ಬಂದಾಗ ಇಸ್ತ್ರಿ ಪ್ಯಾಂಟು, ಕೋಟು, ಕೋಟಿನ ಮೇಲೆ ಎಲ್ಲಾ ಮೆಡಲ್‌ಗಳು!

"ಮನೇಲಿ ಹಾಲಿದ್ಯೇನೇ?" ಅಂತ ಗಂಭೀರವಾಗಿ ಕೇಳಿದರು.

ಫ್ರಿಜ್ಜಿನಲ್ಲಿ ಎರಡು ಪ್ಯಾಕೆಟ್ ಇತ್ತು. "ಒಂದ್ ಹನೀನೂ ಇಲ್ಲ ಕಣ್ರೀ" ಅಂದೆ.

ಮನೆ ಪಕ್ಕದ ಅಂಗಡಿಯನ್ನು ದಾಟಿ, ಮಾಜಿ ಸೈನಿಕರೆಲ್ಲ ಬೆಳಗ್ಗೆ ಕಾಫಿಗೆ ಸೇರುವ ಮೇನ್ ರೋಡಿನ ಅಂಗಡಿಯ ಕಡೆಗೇ ಹೊರಟರು. ನಾನು ಮಹಡಿ ಮೇಲಿಂದ ನೋಡುತ್ತಲೇ ಇದ್ದೆ, ತಲೆಯೆತ್ತಿ ನಡೆಯುತ್ತಿದ್ದರು.

ಬಂದವರೇ "ಮೊಸರು?" ಅಂದರು. ಮೊಸರೂ ಇಲ್ಲ ಅಂದೆ.

ಈಗ ಮತ್ತೆ ಹಾಲಿಗೇ ಹೋಗಿದ್ದಾರೆ... ಫ್ರಿಜ್ಜಿನಲ್ಲಿ ಜಾಗವಿಲ್ಲ, ದೊಡ್ಡ ಪಾತ್ರೆಯಲ್ಲಿ ಪಾಯಸಕ್ಕೆ ಇಟ್ಟಿದ್ದೇನೆ. ಯಾರ್ಯಾರು ಬರುತ್ತೀರಿ?