ತುಷಾರನ ಕೋಳಿ ಅಂಕ
ಪೈವಳಿಕೆಯ ತುಷಾರ್ ಒಬ್ಬನೇ ಕೂತು ಮೊಬೈಲಿಗೊಂದು ಕೋಳಿ ಅಂಕದ, ಅಂದರೆ ಕೋಳಿ ಕಾಳಗದ, ಆಟ ಕಟ್ಟುತ್ತಿದ್ದ ಆ ವರ್ಷ, ಊರಿನಲ್ಲಿ ಅದನ್ನು ಆಡದೆ ತಪ್ಪಿಸಿಕೊಂಡವರಿಲ್ಲ. ಬಸ್ಸಿಗೆ ಕಾಯುವವರಿಗೂ, ಮದುವೆಯೂಟದ ಪಂಕ್ತಿಯಲ್ಲಿ ಪಕ್ಕ ಕೂತವರಿಗೂ ಫೋನ್ ಚಾಚಿ, "ಒಂದು ಸಲ ಆಡಿ ಮಾರಾಯ್ರೇ" ಎನ್ನುತ್ತಿದ್ದ. ಪ್ರತಿ ಸುತ್ತಿಗೆ ಚೀಟಿ ಎತ್ತಿದಂತೆ ಆಡುವವನ ಕೋಳಿಗೆ ಎರಡು ಶಕ್ತಿಗಳು ಬರುತ್ತವೆ, ಒಂದನ್ನು ಆರಿಸಬೇಕು. ಒಂದೇ ಶಕ್ತಿ ಮೇಲಿಂದ ಮೇಲೆ ಪೇರಿಕೊಂಡರೆ ಕೋಳಿ ಆನೆಯಾಗುತ್ತದೆ. ಪೇರಿಕೆ ಜಾಸ್ತಿಯಾದರೆ ಆಟ ಸಪ್ಪೆ, ಅದೃಷ್ಟ ಜಾಸ್ತಿಯಾದರೆ ಆಡುವವನಿಗೆ ಕೆಲಸವಿಲ್ಲ. ಹಾಗಾಗಿ ಯಾವ ಶಕ್ತಿ ಎಷ್ಟು ಸಲ ಬರಬೇಕೆಂದು ಬೆಳಿಗ್ಗೆ ಏರಿಸಿದ ಅಂಕಿಯನ್ನು ಸಂಜೆ ಇಳಿಸುತ್ತಿದ್ದ, ಸಾರಿಗೆ ಉಪ್ಪು ಬೀಳುವಾಗಲೂ "ಇದೆಷ್ಟು ಪರ್ಸೆಂಟ್?" ಎಂದು ಕೇಳುತ್ತಿದ್ದ. ಚುರುಕು ಬೆರಳಿನವರು ಮಾತ್ರ ಗೆಲ್ಲುವ ಆಟ ಅವನಿಗೆ ಬೇಡವಾಗಿತ್ತು. ಅವನ ಅಮ್ಮ ಕಮಲಳ ಬೆರಳುಗಳು ಮೂವತ್ತು ವರ್ಷ ಬೀಡಿ ಕಟ್ಟಿ ಸೆಟೆದುಹೋಗಿದ್ದವು. ಅವಳು ದಿನವೂ ಆಡಿ, ದಿನವೂ ಸೋತು, "ನನ್ನನ್ನು ಸುಮ್ಮನೆ ಗೆಲ್ಲಿಸಬೇಡ, ಆಯ್ತಾ?" ಎಂದು ಫೋನ್ ಮರಳಿಸುತ್ತಿದ್ದಳು. ಒಂದು ಆದಿತ್ಯವಾರ ಅವಳಿಗೆ ರೆಕ್ಕೆಯ ಶಕ್ತಿ ಮೂರು ಸಲ ಬಂತು. ಮೂರು ಸಲವೂ ಬಿಡದೆ ಅದನ್ನೇ ಆರಿಸಿ ಗೆದ್ದುಬಿಟ್ಟಳು. "ಒಳಗೆ ಎಂತಾದ್ರೂ ಮಾಡಿದ್ದೀಯಾ?" ಎಂದು ಮಗನನ್ನು ದಿಟ್ಟಿಸಿದಳು. "ಇಲ್ಲಮ್ಮ, ದೇವರಾಣೆ." "ಹಾಗಾದ್ರೆ ಸರಿ ಉಂಟು. ಇನ್ನು ಮುಟ್ಟಬೇಡ." ಆ ದಿನ ತುಷಾರ್ ಯಾವ ಅಂಕಿಯನ್ನೂ ಬದಲಿಸಲಿಲ್ಲ.