ಬಾಣಂತಿಯ ಇದ್ದಲಿ

ನಾನು ಇದ್ದಲಿಯಿಂದ ಮೋಟಾರು ಓಡಿಸುತ್ತಿದ್ದೆ ಎಂದರೆ ಈಗಿನವರು ನಗುತ್ತಾರೆ. ನಗಲಿ. ಅಫಜಲಪುರದಿಂದ ಆಳಂದಕ್ಕೆ ಸಾಹುಕಾರರೊಬ್ಬರ ಮೋಟಾರನ್ನು ಎರಡು ವರ್ಷ ಹಾಗೆಯೇ ಓಡಿಸಿದ್ದೇನೆ. ಗಾಡಿಯ ಹಿಂದೆ ಆಳೆತ್ತರದ ಕಬ್ಬಿಣದ ಪೀಪಾಯಿ. ಅದರ ಹೊಟ್ಟೆಗೆ ಇದ್ದಲಿ ಸುರಿದು, ಕೆಳಗೆ ಬೆಂಕಿ ಹಚ್ಚಿ, ಕೈಪಂಖ ತಿರುವುತ್ತ ಕೂತರೆ ಅರ್ಧ ತಾಸಿಗೆ ಗ್ಯಾಸು ಹುಟ್ಟುತ್ತಿತ್ತು. ಆಮೇಲೆ ಒಂದು ಬಟ್ಟಲು ಪೆಟ್ರೋಲು ಕುಡಿಸಿ ಎಂಜಿನ್ನು ಎಬ್ಬಿಸಿದರೆ ಮುಂದಿನ ದಾರಿಯೆಲ್ಲ ಇದ್ದಲಿಯ ಗ್ಯಾಸಿನ ಮೇಲೆ. ಏರು ಬಂದರೆ ಜನ ಇಳಿದು ದಬ್ಬಬೇಕು. ಊರು ಮುಟ್ಟುವ ಹೊತ್ತಿಗೆ ನನ್ನ ಹಲ್ಲು ಬಿಟ್ಟು ಮಿಕ್ಕದ್ದೆಲ್ಲ ಕಪ್ಪಾಗಿರುತ್ತಿತ್ತು.

ಅದು ಸ್ವಾತಂತ್ರ್ಯದ ವರ್ಷ. ಸ್ವಾತಂತ್ರ್ಯ ಗಡಿಯಾಚೆಗೆ ಬಂದಿತ್ತು. ನಮ್ಮದು ಇನ್ನೂ ನಿಜಾಮರ ರಾಜ್ಯ. ಪೆಟ್ರೋಲು ಬರುತ್ತಿದ್ದದ್ದು ಸೊಲ್ಲಾಪುರದ ಕಡೆಯಿಂದ. ಅದು ಬರುವುದು ಕಡಿಮೆಯಾಯಿತು, ಬಂದದ್ದರ ದರ ಕೇಳಿದರೆ ನಾಲಿಗೆ ಒಣಗುತ್ತಿತ್ತು. ಬೆಳಿಗ್ಗೆ ಕೇಳಿದ ದರ ಸಂಜೆಗೆ ಇರುತ್ತಿರಲಿಲ್ಲ. ಚಿಮಣಿ ಎಣ್ಣೆಯೂ ಹಾಗೆಯೇ. ಎಷ್ಟೋ ಮನೆಗಳಲ್ಲಿ ಮತ್ತೆ ಕುಸುಬಿ ಎಣ್ಣೆಯ ಪಣತಿ ಹೊರಬಂತು. ಇದ್ದ ಮೋಟಾರುಗಳೆಲ್ಲ ಇದ್ದಲಿಗೆ ತಿರುಗಿದವಲ್ಲ, ಆಗ ಇದ್ದಲಿಗೂ ಕೊಬ್ಬು ಬಂತು. ಇಸ್ತ್ರಿ ಮಾಡುವವನು, ಬಂಗಾರದ ಕೆಲಸದ ಪತ್ತಾರ, ಚಹದ ಅಂಗಡಿಯವನು, ಎಲ್ಲರೂ ನನ್ನನ್ನು ಕಂಡರೆ ಹಲ್ಲು ಕಡಿಯುತ್ತಿದ್ದರು. ಮೋಟಾರಿನ ಬಾಡಿಗೆ ಏರಿದ ಮೇಲೆ ಬದನೆಕಾಯಿ ಮಾರುವ ಮುದುಕಿಯೊಬ್ಬಳು ಬುಟ್ಟಿ ಹೊತ್ತು ನಡೆದೇ ಸಂತೆಗೆ ಹೋಗತೊಡಗಿದಳು. ಒಂದು ದಿನ ನಾನು ಪಕ್ಕಕ್ಕೆ ನಿಲ್ಲಿಸಿ ಹತ್ತು ಎಂದರೆ, "ನಿನ್ನ ಮೋಟಾರ ಇದ್ದಲಿ ತಿಂತದೋ ಬಂಗಾರ ತಿಂತದೋ ಲೇ? ನನಗ ನನ್ನ ಕಾಲೇ ಅಗ್ಗ ಆಗ್ಯಾವ, ಹೋಗು!" ಎಂದು ಉಗಿದು ಮುಂದೆ ನಡೆದಳು. ನನಗೆ ನಗು ಬಂತು. ಆಗ ನನಗೆ ಎಲ್ಲದಕ್ಕೂ ನಗು ಬರುತ್ತಿತ್ತು. ಇಪ್ಪತ್ನಾಲ್ಕರ ಪ್ರಾಯ, ಕೈಯಲ್ಲಿ ಮೋಟಾರಿನ ಚಕ್ರ, ಊರಲ್ಲಿ ನನ್ನಂಥವನು ಇನ್ನೊಬ್ಬನಿಲ್ಲ ಎಂಬ ಸೊಕ್ಕು.

ಮನೆಯಲ್ಲಿ ಅವ್ವ ಮತ್ತು ನಾನು, ಇಬ್ಬರೇ. ಅಪ್ಪ ಹೋಗಿ ಬಹಳ ವರ್ಷವಾಗಿತ್ತು. ತಂಗಿಯನ್ನು ಜೇವರ್ಗಿಗೆ ಕೊಟ್ಟಿದ್ದೆವು. ಅವಳಿಗೆ ದಿನ ನಿಂತ ಸುದ್ದಿ ಬಂದಂದಿನಿಂದ ಅವ್ವನ ಕೆಲಸ ಶುರುವಾಯಿತು. ಅಡಿಗೆ ಮುಗಿದೊಡನೆ ಒಲೆಯಲ್ಲಿನ ಜಾಲಿ ಕೆಂಡವನ್ನು ಹೊರಗೆಳೆದು, ನೀರು ಚಿಮುಕಿಸಿ ಆರಿಸಿ, ಬಿಸಿಲಿಗೆ ಒಣಗಿಸಿ, ಜರಡಿ ಹಿಡಿದು, ಪುಡಿ ತೆಗೆದು ಗಟ್ಟಿಯದನ್ನಷ್ಟೇ ಚೀಲಕ್ಕೆ ತುಂಬುತ್ತಿದ್ದಳು. ದಿನಕ್ಕೆ ಒಂದು ಬೊಗಸೆ, ಬಹಳವೆಂದರೆ ಎರಡು. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನದು. ಹೆತ್ತ ಮೇಲೆ ಬಾಣಂತಿ ಮಲಗುವ ಹೊರಸಿನ ಕೆಳಗೆ ಹಗಲೂ ರಾತ್ರಿ ಕೆಂಡದ ಅಗ್ಗಿಷ್ಟಿಗೆ ಇರಬೇಕು. ಆ ಕಾವಿನಲ್ಲಿ ತಾಯಿ ಬೆನ್ನು ಕಾಸಿಕೊಳ್ಳಬೇಕು, ಕೂಸು ಬೆಚ್ಚಗಿರಬೇಕು. ತೊಗರಿ ಕಟ್ಟಿಗೆ ಎಷ್ಟಿದ್ದರೇನು, ಭರ್ರನೆ ಉರಿದು ಬೂದಿಯಾಗುತ್ತದೆ. ಸಗಣಿ ಕುಳ್ಳಿನದು ಬರೀ ಹೊಗೆ. ಹೊಗೆಯಿಲ್ಲದ ಕಾವು ಬೇಕೆಂದರೆ ಜಾಲಿ ಇದ್ದಲಿಯೇ ಬೇಕು. ಬಜಾರಿನಲ್ಲಿ ಕೊಳ್ಳುವ ಹಾಗಿರಲಿಲ್ಲವಾದ್ದರಿಂದ ಅವ್ವ ಏಳು ತಿಂಗಳಲ್ಲಿ ತನ್ನ ಒಲೆಯಿಂದಲೇ ಒಂದು ಚೀಲ ಕೂಡಿಸಿದ್ದಳು.

ಸೀಮಂತದ ಕುಬಸ ಮಾಡಿ ತಂಗಿಯನ್ನು ಕರೆತಂದ ಹತ್ತೇ ದಿನಕ್ಕೆ ಹೆರಿಗೆಯಾಗಿಬಿಟ್ಟಿತು. ಎಂಟು ತಿಂಗಳ ಕೂಸು, ಹೆಣ್ಣು. ಅಂಗೈಯಲ್ಲಿ ಹಿಡಿಯುವಷ್ಟು. ಅತ್ತರೆ ಬೆಕ್ಕಿನ ಮರಿ ಕೂಗಿದಂತೆ ಕೇಳುತ್ತಿತ್ತು. ಎಳ್ಳಮಾಸಿ ಹಬ್ಬ ಹತ್ತಿರ ಬಂದಿತ್ತು, ಚಳಿ ಎಂದರೆ ಚಳಿ. ಸೂಲಗಿತ್ತಿ ಕೂಸನ್ನು ಹಳೇ ಅರಿವೆಯಲ್ಲಿ ಸುತ್ತಿ ತಂಗಿಯ ಎದೆಗಿಟ್ಟು ಅವ್ವನಿಗೆ ಹೇಳಿದಳು: "ಇದು ಹೊಟ್ಟ್ಯಾಗ ಇನ್ನೊಂದು ತಿಂಗಳು ಬೇಯಬೇಕಿತ್ತು ಯವ್ವಾ. ಆ ತಿಂಗಳು ಈಗ ನೀವು ಕಾಸಬೇಕು. ಹೊರಸಿನ ಕೆಳಗ ಕೆಂಡ ಆರಿತಂದ್ರ ಕೂಸು ಉಳಿಯಂಗಿಲ್ಲ, ನೋಡ್ರಿ." ನಾನು ಹೊಸ್ತಿಲಲ್ಲೇ ನಿಂತಿದ್ದೆ. ನನ್ನ ಕಿವಿಯಾರೆ ಕೇಳಿದ್ದೇನೆ. ಕೇಳಿರಲಿಲ್ಲ ಎಂದು ಇವತ್ತಿಗೂ ಹೇಳಲಾರೆ.

ಐದನೆಯ ದಿನ ಬೆಳಿಗ್ಗೆ ಸಾಹುಕಾರರು ಕರೆಸಿದರು. ಆಳಂದದ ವ್ಯಾಪಾರಸ್ಥರ ಕುಟುಂಬವೊಂದು ನಿಜಾಮರ ಕಡೆಯವರ ಗಲಾಟೆಗೆ ಹೆದರಿ ಗಡಿ ದಾಟಲು ಹೊರಟಿದೆ, ಗಡಿಯಂಚಿನ ಖಜೂರಿಯವರೆಗೆ ಬಿಟ್ಟು ಬಾ ಎಂದರು. ಇದ್ದಲಿ ಇಲ್ರಿ ಎಂದೆ. "ಇದ್ದಲಿ ಹುಡುಕೋದು ಡ್ರೈವರನ ಕೆಲಸ. ನಿನಗ ಆಗಂಗಿಲ್ಲಂದ್ರ ಹೇಳು, ಚಾವಿ ಕೊಟ್ಟು ಹೋಗು. ಮತ್ತೊಬ್ಬ ನಿಂತಾನ" ಎಂದರು. ಚಾವಿ ಕೊಡುವ ಮಾತು ಕೇಳಿದ್ದೇ ತಡ, ನನ್ನ ಕಾಲು ಮನೆಯ ಕಡೆ ತಿರುಗಿದವು.

ಅವ್ವ ನೀರಿಗೆ ಹೋಗಿದ್ದಳು. ಚೀಲ ಬಾಣಂತಿಯ ಕೋಣೆಯ ಮೂಲೆಯಲ್ಲೇ ಇತ್ತು. ಒಂದು ಬುಟ್ಟಿಯಷ್ಟನ್ನು ಸುರಿದಿಟ್ಟು ಮಿಕ್ಕದ್ದನ್ನು ಹೆಗಲಿಗೇರಿಸಿದೆ. ತಂಗಿ ಮಲಗಿದ್ದಲ್ಲಿಂದಲೇ ನೋಡಿದಳು.

"ಅಣ್ಣಾ, ಎಲ್ಲಿಗಿ ಒಯ್ಯಾಕತ್ತೀ?"

"ಮೋಟಾರಿಗಿ ಬೇಕಾಗ್ಯದವ್ವಾ. ಸರಸಂಬಾ ಕಡಿ ಇದ್ದಲಿ ಸುಡೋರು ಅದಾರ. ಇದರ ಬದಲಿ ಎರಡು ಚೀಲ ತರ್ತೇನಿ."

"ಸಂಜಿಗಿ ಬರ್ತೀ, ಹೌದಿಲ್ಲೋ?"

"ಸಂಜಿಗಿ ಬರ್ತೇನಿ."

ಅವಳು, ಅಣ್ಣ ಹೇಳಿದ ಮೇಲೆ ಮುಗಿಯಿತು ಎಂದು ಕೂಸಿನ ಕಡೆ ತಿರುಗಿ ಮಲಗಿದಳು.

ಈಗ ಹೇಳುವುದನ್ನು ಬಹಳ ಜನಕ್ಕೆ ಹೇಳಿಲ್ಲ. ಅಂದು ಮೋಟಾರು ಓಡಿದ ಹಾಗೆ ಅದಕ್ಕೆ ಮುಂಚೆ ಎಂದೂ ಓಡಿರಲಿಲ್ಲ. ಅವ್ವ ಜರಡಿ ಹಿಡಿದು ಆರಿಸಿದ್ದ ಇದ್ದಲಿ! ಒಂದು ಕಲ್ಲಿಲ್ಲ, ಪುಡಿಯಿಲ್ಲ, ತೇವವಿಲ್ಲ. ಅಬ್ಬಬ್ಬಾ, ಏರಿನಲ್ಲೂ ಯಾರೂ ಇಳಿಯಬೇಕಾಗಲಿಲ್ಲ. ಆಳಂದದಲ್ಲಿ ಆ ಕುಟುಂಬವನ್ನು ಹತ್ತಿಸಿಕೊಂಡು ಹೊರಟಾಗ ಪೆಟ್ರೋಲಿನ ಮೇಲೆ ಹೋದಂತೆ ಹೋಗುತ್ತಿತ್ತು. ನಾನು ಖುಷಿಯಲ್ಲಿ ಹಾಡು ಹೇಳುತ್ತಿದ್ದೆ. ಹೌದು, ಹಾಡು. ಥೂ!

ಸರಸಂಬಾ ಹತ್ತಿರ ಬಂದು ನೋಡಿದರೆ ಇದ್ದಲಿ ಸುಡುವವರ ಗುಂಡಿಗಳು ತಣ್ಣಗಿದ್ದವು. ಗುಡಿಸಲುಗಳಲ್ಲಿ ಯಾರೂ ಇಲ್ಲ. ಗಲಾಟೆ ಅವರನ್ನೂ ಓಡಿಸಿತ್ತು. ಚೀಲದಲ್ಲಿ ಇನ್ನೂ ಅರ್ಧ ಉಳಿದಿತ್ತು. ನನ್ನ ಮುಖ ನೋಡಿ ಕುಟುಂಬದ ಹಿರಿಯರು ಕೆಳಗಿಳಿದು ಬಂದು ಏನೆಂದು ಕೇಳಿದರು. ಮನೆಯ ವಿಷಯವನ್ನು ಅರ್ಧಮರ್ಧ ಹೇಳಿದೆ. ಅವರು ಕ್ಷಣವೂ ಯೋಚಿಸಲಿಲ್ಲ. "ತಮ್ಮಾ, ಮೋಟಾರ ಇಲ್ಲೇ ಬಿಡು. ನಾವು ಇಲ್ಲಿಂದ ಬಂಡಿ ಮಾಡ್ಕೊಂಡು ಹೋಗ್ತೇವಿ. ನೀ ಒಂದು ಬಂಡಿ ಮಾಡ್ಕೊಂಡು ಆ ಅರ್ಧ ಚೀಲ ಮನಿಗಿ ಮುಟ್ಟಿಸು. ಕೂಸು ಮೊದಲು" ಎಂದರು.

ಪ್ರಾಣಭಯದಲ್ಲಿ ಮನೆ ಬಿಟ್ಟು ಹೊರಟಿದ್ದ ಮನುಷ್ಯ ಹಾಗೆ ಹೇಳಿದರು. ನಾನು ಏನಂದೆ ಗೊತ್ತೇ? "ಖಜೂರ್ಯಾಗ ಸಿಗ್ತದ್ರಿ, ಹತ್ರಿ" ಎಂದೆ. ಮೋಟಾರನ್ನು ದಾರಿಯಲ್ಲಿ ಬಿಟ್ಟು ಬಂದ ಡ್ರೈವರ ಎನ್ನಿಸಿಕೊಳ್ಳಲು ನನಗೆ ಮನಸ್ಸಿರಲಿಲ್ಲ. ಮುಂದೆ ಎಷ್ಟೋ ವರ್ಷ, ಹೆದರಿದ ಜನರನ್ನು ದಾಟಿಸಲು ಇದ್ದಲಿ ಒಯ್ದೆ ಎಂದೇ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದೆ. ಸುಳ್ಳು. ಅವರನ್ನು ಒಂದು ಜೋಡಿ ಎತ್ತೂ ದಾಟಿಸುತ್ತಿತ್ತು.

ಖಜೂರಿಯಲ್ಲಿ ಅವರು ಗಡಿ ದಾಟಿದರು. ಪೀಪಾಯಿ ಬರಿದಾಯಿತು. ಹಿಡಿ ಇದ್ದಲಿ ಯಾವ ಅಂಗಡಿಯಲ್ಲೂ ಇರಲಿಲ್ಲ. ಪೆಟ್ರೋಲು ಇದ್ದವನೊಬ್ಬ ಹೇಳಿದ ದರಕ್ಕೆ ನನ್ನನ್ನೇ ಮಾರಿಕೊಂಡರೂ ಸಾಲುತ್ತಿರಲಿಲ್ಲ. ಸಾಲದ್ದಕ್ಕೆ ಸುಂಕ ವಸೂಲಿಯ ಕರೋಡಗಿರಿ ನಾಕೆಯವರು, ಗಡಿಯಾಚೆಗೆ ಏನು ಸಾಗಿಸಿದೆ ಎಂದು ಎರಡು ದಿನ ಕೂರಿಸಿಕೊಂಡರು. ಮೋಟಾರಿನ ಚಾವಿಯನ್ನು ಅಲ್ಲಿಯೇ ಒಬ್ಬರ ಕೈಯಲ್ಲಿಟ್ಟು, ಸಿಕ್ಕ ಬಂಡಿ ಹತ್ತಿ, ಸಿಗದ ಕಡೆ ನಡೆದು, ಆರನೆಯ ದಿನ ಮಧ್ಯಾಹ್ನ ಅಫಜಲಪುರ ಮುಟ್ಟಿದೆ. ಓಣಿಯ ತಿರುವಿನಲ್ಲಿ, ಮನೆಯಿಂದ ಅಳು ಕೇಳುತ್ತದೋ ಎಂದು ನಿಂತು ಕಿವಿಗೊಟ್ಟೆ. ಕೇಳಿತು. ದೊಡ್ಡವರ ಅಳುವಲ್ಲ, ಆ ಬೆಕ್ಕಿನ ಮರಿಯ ದನಿ. ಅಲ್ಲೇ ಗೋಡೆಗೆ ಒರಗಿ ಅತ್ತುಬಿಟ್ಟೆ.

ಒಳಗೆ ಹೋದರೆ ಹೊರಸಿನ ಕೆಳಗೆ ಕೆಂಡ ನಿಗಿನಿಗಿ ಎನ್ನುತ್ತಿತ್ತು. "ಇದ್ದಲಿ ಎಲ್ಲಿಂದ ತಂದೆವ್ವಾ?" ಎಂದು ಕೇಳಿದೆ. ಅವ್ವ ಅಗ್ಗಿಷ್ಟಿಗೆ ಕೆದಕುತ್ತಲೇ ಇದ್ದಳು. ಪಡಸಾಲೆಯ ತೊಲೆಗೆ ಕಣ್ಣು ಹೋಯಿತು. ತೊಟ್ಟಿಲಿನ ಸರಪಳಿಗಳಷ್ಟೇ ಜೋತಾಡುತ್ತಿದ್ದವು. ನಮ್ಮ ಅಜ್ಜ ಮಾಡಿಸಿದ ಜಾಲಿ ಕಟ್ಟಿಗೆಯ ತೊಟ್ಟಿಲು. ಅಪ್ಪ ಅದರಲ್ಲಿ ಮಲಗಿದ್ದ, ನಾನು ಮಲಗಿದ್ದೆ, ತಂಗಿ ಮಲಗಿದ್ದಳು. ಈ ಕೂಸಿಗೆಂದು ಅವ್ವ ಎಣ್ಣೆ ಹಚ್ಚಿ ಕಟ್ಟಿದ್ದಳು. ಬಾಣಂತಿ ಮನೆಯಲ್ಲಿರುವಾಗ ತೊಟ್ಟಿಲಿಗೆ ಕೊಡಲಿ ಹಾಕುವುದೆಂದರೆ ಎಂಥ ಅಪಶಕುನವೆಂದು ಬೇರೆಯವರಿಗೆ ಹೇಳಿ ತಿಳಿಸುವುದು ಕಷ್ಟ. ಓಣಿಯವರು ಬೇಡವೆಂದು ಬಾಯಿ ಬಡಿದುಕೊಂಡರಂತೆ. ಅವ್ವ ಅಂಗಳದಲ್ಲಿ ಕೂತು ತಾನೇ ಕಡಿದು, ತಾನೇ ಸುಟ್ಟು ಕೆಂಡ ಮಾಡಿದ್ದಳು. ಅವಳ ಎರಡೂ ಅಂಗೈ ಬೊಕ್ಕೆಯಾಗಿದ್ದವು.

ಬೈಯಲಿಲ್ಲ. ಬೈದಿದ್ದರೆ ಈ ಬರಹವೇ ಬೇಕಾಗುತ್ತಿರಲಿಲ್ಲವೇನೋ. "ಕೈಕಾಲು ತೊಳಕೋ, ರೊಟ್ಟಿ ಅದ" ಎಂದಳು. ತಂಗಿ ನನ್ನತ್ತ ನೋಡಿ ಸೆರಗನ್ನು ಕೂಸಿನ ಮೇಲೆ ಎಳೆದುಕೊಂಡಳು.

ಕೂಸಿಗೆ ಹೆಸರಿಡುವ ದಿನ ಅವ್ವನ ಸೀರೆಯ ಜೋಳಿಗೆ ಕಟ್ಟಿ ಅದರಲ್ಲೇ ಹಾಕಿದರು. ಜೇವರ್ಗಿಯಿಂದ ಬಂದ ಬೀಗರು ಬರಿ ಸರಪಳಿಗಳನ್ನು ನೋಡಿದರು, ನಮ್ಮ ಮುಖ ನೋಡಿದರು. ಅವ್ವ, ತೊಟ್ಟಿಲಿಗೆ ಹುಳ ಹಿಡಿದಿತ್ತು ಎಂದಳು. ತಂಗಿ ತಲೆ ಎತ್ತಲಿಲ್ಲ. ಕೂಸು ಮೈ ತುಂಬಿಕೊಳ್ಳುತ್ತ ಬಂತು. ನಾನು ಎತ್ತಿಕೊಳ್ಳಲು ಕೈ ಚಾಚಿದಾಗಲೆಲ್ಲ ತಂಗಿ, ಈಗಷ್ಟೇ ಮಲಗ್ಯದ ಎನ್ನುತ್ತಿದ್ದಳು. ಕಣ್ಣು ಬಿಟ್ಟುಕೊಂಡು ನಗುತ್ತಿದ್ದ ಕೂಸಿಗೂ ಅದೇ ಮಾತು.

ಐದು ತಿಂಗಳು ತುಂಬಿದ ಮೇಲೆ ಅವಳನ್ನು ಗಂಡನ ಮನೆಗೆ ಕಳಿಸಬೇಕು, ಕರೆದೊಯ್ಯುವವನು ಅಣ್ಣ. ಇದೊಂದನ್ನಾದರೂ ನೆಟ್ಟಗೆ ಮಾಡೋಣ ಎಂದುಕೊಂಡೆ. ನನ್ನ ನಡುವಿನ ಬೆಳ್ಳಿ ಉಡದಾರ ಬಿಚ್ಚಿ ಮಾರಿ ಡಬ್ಬಿ ಪೆಟ್ರೋಲು ಕೊಂಡೆ. ಹೊಗೆಯಿಲ್ಲ, ಮಸಿಯಿಲ್ಲ, ಕೂಸಿಗೆ ಕೆಮ್ಮು ಬರುವುದಿಲ್ಲ. ಖಜೂರಿಯಿಂದ ಮೋಟಾರನ್ನು ಆಗಲೇ ತಂದಾಗಿತ್ತು; ಸಾಹುಕಾರರ ಕಾಲು ಹಿಡಿದು ಎರಡು ದಿನಕ್ಕೆ ಅದನ್ನು ಕೇಳಿಕೊಂಡೆ. ಸೀಟಿಗೆ ಕೌದಿ ಹಾಸಿ, ತಿಕ್ಕಿ ತೊಳೆದು, ಬಾಗಿಲಿಗೆ ತಂದು ನಿಲ್ಲಿಸಿದೆ. ಓಣಿಯೆಲ್ಲ ನೋಡಲು ಕೂಡಿತ್ತು.

ತಂಗಿ ಉಡಿ ತುಂಬಿಸಿಕೊಂಡು ಹೊರಗೆ ಬಂದಳು. ಮೋಟಾರನ್ನು ನೋಡಿದಳು, ಹಿಂದಿನ ಪೀಪಾಯಿ ನೋಡಿದಳು.

"ನಾ ಬಂಡ್ಯಾಗ ಹೋಗ್ತೇನಿ" ಎಂದಳು.

"ಇದ್ದಲಿ ಅಲ್ಲವ್ವಾ, ಪೆಟ್ರೋಲ್ ಹಾಕೀನಿ. ಸಂಜಿಗಿ ಜೇವರ್ಗ್ಯಾಗ ಇರ್ತೇವಿ."

ಸಂಜಿಗಿ ಎಂದ ಮೇಲೆ ನನಗೇ ಗೊತ್ತಾಯಿತು, ಏನಂದೆನೆಂದು. ಅವಳು ನನ್ನ ಮುಖ ನೋಡುತ್ತ ನಿಂತಳು. ಅವ್ವ ಪಕ್ಕದ ಮನೆಯವರ ಬಂಡಿ ಕೇಳಲು ಹೋದಳು. ಪಕ್ಕದ ಮನೆಯ ಮುದುಕನೇ ಎತ್ತು ಹೂಡಿಕೊಂಡು ಬಂದ. ಉರಿಬಿಸಿಲು, ಭೀಮಾ ದಾಟಬೇಕು, ಎರಡು ದಿನದ ದಾರಿ. ನಾನು ಮೋಟಾರನ್ನು ಅಲ್ಲೇ ಬಿಟ್ಟು ಬಂಡಿಯ ಹಿಂದೆ ನಡೆದೆ. ಹತ್ತು ಎಂದು ಅವಳು ಅನ್ನಲಿಲ್ಲ; ಹತ್ತುತ್ತೇನೆ ಎನ್ನಲು ನನಗೂ ಬಾಯಿ ಬರಲಿಲ್ಲ.

ಊರ ಹೊರಗಿನ ಹಳ್ಳದ ಹತ್ತಿರ ಅವಳು ಬಂಡಿ ನಿಲ್ಲಿಸಲು ಹೇಳಿದಳು. ಕೂಸನ್ನು ಒಂದು ಸಲ ಕೈಗೆ ಕೊಡುತ್ತಾಳೆಂದು ಧೋತರಕ್ಕೆ ಕೈ ಒರೆಸಿಕೊಂಡು ಹತ್ತಿರ ಹೋದೆ.

"ಸಾಕಣ್ಣಾ, ತಿರುಗಿ ಹೋಗು" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನಿನ್ನ ಮೋಟಾರ ತಣ್ಣಗಾಗ್ತದ."