ಮರಳಿನ ತಟ್ಟೆಯಲ್ಲಿ ಎರಡು ದಿನ

ಬ್ಯಾಟರಿ ಅಕ್ಕನಿಗೆ ಎರಡು ತಿಂಗಳ ಕೂಲಿ ಇನ್ನೂ ಬರಬೇಕು. ಕೊಡಬೇಕಾದವನು ಬಾಡಿಗೆ ಸ್ಕೂಟರ್ ಅಂಗಡಿಯ ಮಾಲೀಕ. ಕೊಡುವುದಿಲ್ಲ ಎನ್ನುತ್ತಾನೆ. ಯಾಕೆ ಅಂತ ಕೇಳಿ.

ಚಾರ್ಜ್ ಹಿಡಿಯದ ಲಿಥಿಯಂ ಬ್ಯಾಟರಿಗಳನ್ನು ಎಬ್ಬಿಸುವುದು ಅವಳ ಕೆಲಸ. ಹನ್ನೊಂದು ವರ್ಷದಿಂದ, ಅವನ ಅಂಗಡಿಯ ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಕೋಣೆಯಲ್ಲಿ. ಪೂರ್ತಿ ಬರಿದಾದ ಬ್ಯಾಟರಿಯನ್ನು ಚಾರ್ಜರ್ ಮೂಸಿಯೂ ನೋಡುವುದಿಲ್ಲ. ಡಬ್ಬಿ ಬಿಚ್ಚಿ, ಒಳಗಿನ ಒಂದೊಂದು ಸೆಲ್ಲಿಗೂ ಮೀಟರ್ ಹಚ್ಚಿ, ಸೋತವಕ್ಕೆ ಸಣ್ಣ ಕರೆಂಟನ್ನು ಗುಟುಕು ಗುಟುಕಾಗಿ ಕುಡಿಸಬೇಕು. ಎರಡು ವೋಲ್ಟಿಗಿಂತ ಕೆಳಗೆ ಬಿದ್ದ ಸೆಲ್ಲನ್ನು ಮಾತ್ರ ಎಬ್ಬಿಸಬಾರದು. ಎದ್ದರೂ ಅದು ಒಳಗೊಳಗೇ ಸುಡುತ್ತದೆ. ಎದ್ದ ಬ್ಯಾಟರಿಯನ್ನು ಎರಡು ದಿನ ಮರಳಿನ ತಟ್ಟೆಯಲ್ಲಿಟ್ಟು, ಬಿಸಿಯೇರುತ್ತದೆಯೇ ಎಂದು ಕೈಯ ಹಿಂಬದಿಯಿಂದ ಮುಟ್ಟಿ ನೋಡಬೇಕು. ಅಲ್ಲಿಯವರೆಗೆ ಅದರ ಮೇಲೆ ಸೀಮೆಸುಣ್ಣದ ಅಡ್ಡಗೀಟು.

ಕೂಲಿ ಮಾತ್ರ ಎದ್ದ ಬ್ಯಾಟರಿಗಷ್ಟೇ. ಸತ್ತದ್ದಕ್ಕೆ ಬಿಡಿಗಾಸಿಲ್ಲ. ಒಂದು ವಾರ ಏಳು ಸತ್ತಿದ್ದವು. ಎಂಟನೆಯದರಲ್ಲಿ ಒಂದು ಸೆಲ್ ಒಂದೂವರೆ ವೋಲ್ಟಿನಲ್ಲಿತ್ತು. ಅಕ್ಕ ಅದನ್ನೂ ಎಬ್ಬಿಸಿದಳು.

"ಮರಳಲ್ಲಿಟ್ಟು ನೋಡೋಣ ಅಂದ್ಕೊಂಡೆ," ಎಂದು ನನ್ನೆದುರು ಒಪ್ಪಿಕೊಂಡಳು.

ಮರುದಿನ ಬೆಳಿಗ್ಗೆ ಬಂದರೆ ತಟ್ಟೆ ಖಾಲಿ.

"ಒರೆಸಿ ಕಳಿಸ್ದೆ," ಎಂದ ಮಾಲೀಕ. "ಗಿರಾಕಿಗೆ ಸುಣ್ಣದ ಗೀಟು ತೋರ್ಸೋಕಾಗುತ್ತಾ?"

"ಯಾರಿಗೆ ಕೊಟ್ರಿ?"

"ನಿನ್ ತಂಗಿಗೇ. ನಮ್ಮೋಳು ಅಂತ ಮೊದ್ಲು ಕೊಟ್ಟೆ. ಒಂದ್ ಥ್ಯಾಂಕ್ಸ್ ಆದ್ರೂ ಹೇಳಮ್ಮ."

ತಂಗಿ ಅದೇ ಅಂಗಡಿಯ ಬಾಡಿಗೆ ಸ್ಕೂಟರಿನಲ್ಲಿ ಪಾರ್ಸೆಲ್ ಹಂಚುವವಳು; ಬ್ಯಾಟರಿ ಬಿಚ್ಚಿ ಮನೆಯಲ್ಲೇ ಚಾರ್ಜಿಗೆ ಹಾಕುತ್ತಾಳೆ. ಮೂರನೇ ಮಹಡಿಯಲ್ಲಿ ಒಂದೇ ಕೋಣೆ, ಎಂಟು ತಿಂಗಳ ಮಗು. ಅಕ್ಕ ಫೋನ್ ಮಾಡಿದಳು.

"ಅಕ್ಕಾ, ನಿನ್ ಬ್ಯಾಟರಿ ಭಾರಿ ಜೋರಾಗಿದೆ ಕಣೇ! ಒಂದ್ ಮೂಲೆ ಬಿಸಿಯಾಗಿದೆ, ಅದ್ರ ಮೇಲೆ ಮಗು ಬಟ್ಟೆ ಒಣಗ್ಹಾಕಿದೀನಿ. ಸ್ಕೂಟರ್ ಬಾಡಿಗೆಗೆ ಇಸ್ತ್ರಿಪೆಟ್ಟಿಗೆ ಪುಕ್ಕಟೆ!"

ಅಕ್ಕ ಕೂಗಿದಳು.

"ಅದನ್ನ ಮುಟ್ಬೇಡ. ಮಗು ಎತ್ಕೊಂಡು ಹೊರಗೆ ಓಡು."

"ಯಾಕೆ, ಏನಾ..."

ಲೈನ್ ಕಟ್ಟಾಯಿತು. ಮತ್ತೆ ಮಾಡಿದರೆ ರಿಂಗಾಗುತ್ತಿದೆ, ಎತ್ತುವವರಿಲ್ಲ. ನಾಲ್ಕು ಬೀದಿ ಓಡಿದಳು. ಒಂದು ಚಪ್ಪಲಿ ಎಲ್ಲೋ ಬಿತ್ತು. ಹೊಗೆ ಕಂಡರೇನು ಗತಿ ಎಂದು ತಲೆ ಎತ್ತಲು ಹೆದರಿ, ನೆಲ ನೋಡಿಕೊಂಡೇ ಓಡಿದಳಂತೆ.

ತಂಗಿ ಕೆಳಗಿನ ಮೆಟ್ಟಿಲಲ್ಲಿ ಮಗುವಿನೊಂದಿಗೆ ನಿಂತಿದ್ದಳು.

"ಫೋನು ಒಳಗೇ ಉಳೀತು. ಮಗು ಹಿಡ್ಕೋ, ತಂದ್ಬಿಡ್ತೀನಿ."

ಅಕ್ಕ ಅವಳ ಜಡೆ ಹಿಡಿದು ಎಳೆದಳು. "ಅಯ್ಯೋ, ಬಿಡೇ!" ಎಂದು ತಂಗಿ ಕಿರುಚುವಷ್ಟರಲ್ಲಿ ಮೇಲೆ ಕಿಟಕಿಯ ಗಾಜು ಸಿಡಿಯಿತು.

ಕೋಣೆ ಬೂದಿಯಾಯಿತು; ಮೂರು ಜೀವ ಉಳಿದವು. "ನೀನೇ ಎಬ್ಬಿಸಿದ್ದು, ನಷ್ಟಾನೂ ನೀನೇ ಕಟ್ಟು," ಎಂದು ಮಾಲೀಕ ಕೂಲಿ ಹಿಡಿದಿಟ್ಟ. ತಪ್ಪು ಅಕ್ಕನದೂ ಹೌದು, ಅವಳೇ ಹೇಳುತ್ತಾಳೆ. ಆದರೆ ಗೀಟು ಒರೆಸಿದ ಕೈ ಯಾರದು? ಈಗಲೂ ಅವಳು ಯಾರ ಮನೆಗೆ ಹೋದರೂ ಬಿಸಿಯಾಗಿದೆಯೇ ಎಂದು ಮೊದಲು ಚಾರ್ಜರ್ ಮುಟ್ಟಿ ನೋಡುತ್ತಾಳೆ.

ಸ್ಕೂಟರ್ ಬಾಡಿಗೆಗೆ ಪಡೆಯುವವರೇ, ಬ್ಯಾಟರಿ ಕೈಗೆ ಬಂದಾಗ ಇದು ಮರಳಲ್ಲಿ ಎಷ್ಟು ದಿನ ಇತ್ತೆಂದು ಕೇಳಿ. ಅಂಗಡಿಯವನು ಬಾಯಿ ಬಿಡದಿದ್ದರೆ ಅಲ್ಲೇ ಕೆಳಗಿಡಿ. ಸೋಮವಾರ ಹತ್ತು ಗಂಟೆಗೆ ಆ ಅಂಗಡಿಯ ಬಾಗಿಲಿಗೆ ಬನ್ನಿ. ಸತ್ತದ್ದನ್ನು ಸತ್ತಿದೆ ಎಂದು ಹೇಳುವುದೂ ಕೆಲಸವೇ, ಅದಕ್ಕೂ ಕೂಲಿ ಕೊಡು ಎಂದು ಅಕ್ಕನ ಪರ ನಮ್ಮ ಜೊತೆ ನಿಂತು ಮಾಲೀಕನನ್ನು ಕೇಳಿ.